ದನದ ಡಾಕ್ಟರ ಟರ್ಬೋ ಗಾಡಿ

ಬೇರೆಯವರ ಮನೆಯ ಗಾಡಿ ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ, ಸರಿಯಾಗುತ್ತದೆ, ತಿರುಗಿ ಬರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಯಾವುದೂ ಹಾಗೆ ನೆಟ್ಟಗೆ ನಡೆಯುವುದಿಲ್ಲ. ಮಿಕ್ಸರ್ ಕೆಟ್ಟರೂ ಅದೊಂದು ಪುರಾಣವಾಗುತ್ತದೆ. ಇನ್ನು ಎಂಜಿನ್ ಕೆಟ್ಟರೆ ಕೇಳಬೇಕೆ?

ನಮ್ಮವರು ಲಕ್ಷ್ಮೇಶ್ವರದಲ್ಲಿ ದನದ ಡಾಕ್ಟರು. ದನದ ವಿಷಯದಲ್ಲಿ ಅವರದು ಒಂದೇ ಮಾತು. ಮೂಗು ಮುಟ್ಟಿ ನೋಡಿ, ಹೊಟ್ಟೆಗೆ ಕಿವಿ ಹಚ್ಚಿ, "ಚಿಂತಿ ಮಾಡಬ್ಯಾಡ, ಉಳೀತೈತಿ" ಅಂದರೆ ಅದು ಉಳಿಯುತ್ತಿತ್ತು. ಆದರೆ ಸ್ವಂತಕ್ಕೆ ಒಂದು ಅಂಗಿ ಬಟ್ಟೆ ಆರಿಸಲು ಹೋದರೆ ಅಂಗಡಿಯವನು ಲೈಟು ಆರಿಸುವವರೆಗೂ ನಿಲ್ಲುವ ಮನುಷ್ಯ. ಅಂಥವರು ಹಳ್ಳಿ ತಿರುಗಲೆಂದು ಒಂದು ಹಳೆಯ ಟರ್ಬೋ ಡೀಸೆಲ್ ಕಾರು ಕೊಂಡಿದ್ದರು. "ಟರ್ಬೋ ಅಂದ್ರ ಏನ್ರಿ?" ಅಂತ ಕೇಳಿದ್ದೆ. "ಒಲಿಗೆ ಊದುಗೊಳವಿ ಇರತೈತಲ್ಲ, ಹಂಗ ಇದು ಎಂಜಿನ್ನಿಗೆ ಗಾಳಿ ಊದೂ ಚಕ್ರ" ಅಂದಿದ್ದರು. ಊದುಗೊಳವೆ ಕೆಟ್ಟರೆ ಒಲೆಯೇ ಹೋಗುತ್ತದೆ ಅನ್ನುವುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಕೀಲಿ ಕೈಯಾಗ ಐತಿ

ನಮ್ಮ ನಾದಿನಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಶಿರಹಟ್ಟಿಗೆ ಹೊರಟಿದ್ದೆವು. ಕೆಲವು ದಿನಗಳಿಂದ ಗಾಡಿ ಏರು ಹತ್ತುವಾಗ ಸೀಟಿ ಹೊಡೆಯುತ್ತಿತ್ತು. ನಾನು ಹೇಳಿದರೆ, "ಹುಮ್ಮಸ್ಸಿನ್ಯಾಗ ಐತಿ" ಅನ್ನುತ್ತಿದ್ದರು. ಅವತ್ತು ಊರು ಇನ್ನೇನು ಬಂತು ಅನ್ನುವಾಗ ಹಿಂದಿನಿಂದ ಬಿಳಿ ಹೊಗೆ ಎದ್ದಿತು. ರಸ್ತೆ ಬದಿಗೆ ನಿಲ್ಲಿಸಿದರು. ಗಾಡಿ ನಿಂತಿತು, ಆದರೆ ಎಂಜಿನ್ ನಿಲ್ಲಲಿಲ್ಲ. ಕಾಲು ತೆಗೆದರೂ ತನ್ನಷ್ಟಕ್ಕೆ ತಾನೇ ರಭಸ ಹಿಡಿಯಿತು. ಅವರು ಗಾಬರಿಯಾಗಿ ಕೀಲಿ ಕಿತ್ತುಕೊಂಡು ಕೆಳಗಿಳಿದರು. ಎಂಜಿನ್ ಇನ್ನೂ ಜೋರಾಗಿ ಕೂಗಿತು.

ಹೊಲದಿಂದ ಜನ ಓಡಿ ಬಂದರು. ಒಬ್ಬ ಮುದುಕ, "ಸಾಹೇಬ್ರ, ಬಂದ್ ಮಾಡ್ರಲ್ಲ!" ಅಂತ ಒದರಿದ.

ನಮ್ಮವರು ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಬಂದ್ ಮಾಡೇನಿ! ಕೀಲಿ ನನ್ನ ಕೈಯಾಗ ಐತಿ!" ಅಂದರು.

ಮುದುಕ ಒಂದು ಸಲ ಕೀಲಿ ನೋಡಿದ, ಒಂದು ಸಲ ಗಾಡಿ ನೋಡಿದ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. ಟರ್ಬೋ ಒಡೆದು ತನ್ನೊಳಗಿನ ಎಣ್ಣೆಯನ್ನೇ ಕುಡಿದು ಓಡುವ ಎಂಜಿನ್ನಿಗೆ ಕೀಲಿಯ ಹಂಗಿರುವುದಿಲ್ಲವಂತೆ. ಎಣ್ಣೆ ಮುಗಿಯುವವರೆಗೂ ಅದು ಹಾಗೇ ಚೀರಿ, ಕೊನೆಗೆ 'ಕಟ್' ಅಂತ ಹಿಡಿದುಕೊಂಡು ಸುಮ್ಮನಾಯಿತು. ಹೊಗೆ ಇಳಿಯಿತು. ನನಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂದಿತ್ತು. ಎಷ್ಟೋ ರಾಡಿ ದಾರಿಗಳಲ್ಲಿ ನಮ್ಮನ್ನು ಹೊತ್ತು ತಿರುಗಿದ ಗಾಡಿ.

ಅಷ್ಟರಲ್ಲಿ ಮುದುಕ ನಮ್ಮವರ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸಾಹೇಬ್ರ, ನೀವು ದನದ ಡಾಕ್ಟರ್ ಅಲ್ರೀ? ಹೊಟ್ಟಿ ಉಬ್ಬರ ಆಗಿತ್ತೋ ಏನೋ, ಒಂದು ಸೂಜಿ ಮಾಡಬೇಕಿತ್ತು."

ದೇವರ ತೀರ್ಪು

ಗಾಡಿಯನ್ನು ಎಳೆದುಕೊಂಡು ಬೆಟಗೇರಿಗೆ ಒಯ್ದೆವು. ಅಲ್ಲಿಯ ಮೇಸ್ತ್ರಿ ಒಳ್ಳೆಯ ಮನುಷ್ಯ. ಅವನ ಮೇಕೆಗಳಿಗೆ ನಮ್ಮವರೇ ಡಾಕ್ಟರು. ಬಾನೆಟ್ ಎತ್ತಿ, ಒಳಗೆ ಬ್ಯಾಟರಿ ಬಿಟ್ಟು ನೋಡಿ ಹೇಳಿದ: "ಟರ್ಬೋ ಅಂತೂ ಹೋತ್ರಿ. ಎಂಜಿನ್ನೂ ಒಳಗ ಗೀಚೇತಿ. ಎರಡು ದಾರಿ ಅದಾವ. ಪೂರಾ ಬಿಚ್ಚಿ ರಿಪೇರಿ ಮಾಡೂದು, ಇಲ್ಲಾಂದ್ರ ಬ್ಯಾರೆ ಎಂಜಿನ್ ಕುಂಡ್ರಸೂದು."

"ಯಾವುದು ಚೊಲೋ?"

"ಎರಡೂ ಚೊಲೋನ ರೀ. ನೀವು ಹೂಂ ಅನ್ರಿ, ನಾ ಶುರು ಮಾಡ್ತೀನಿ."

ಹೂಂ ಅನ್ನುವುದೇ ನಮ್ಮವರಿಗೆ ಬಾರದ ವಿದ್ಯೆ. ಅವತ್ತಿನಿಂದ ಆಸ್ಪತ್ರೆಗೆ ದನ ಹೊಡೆದುಕೊಂಡು ಬಂದವರಿಗೆಲ್ಲ ಇವರೇ ಪೇಶಂಟು. "ಹಳೇ ಎಂಜಿನ್ ಕಂಪನಿ ಕೈಲೆ ಕಟ್ಟಿದ್ದು, ಒಗೀಬ್ಯಾಡ್ರಿ" ಅಂತ ಒಬ್ಬ. "ಒಮ್ಮಿ ಬಿಚ್ಚಿದ ಎಂಜಿನ್ನು ಒಮ್ಮಿ ಮುನಿಸ್ಕೊಂಡ ಅಳಿಯಾ, ಎರಡೂ ಮೊದಲಿನಂಗ ಆಗೂದಿಲ್ರಿ" ಅಂತ ಇನ್ನೊಬ್ಬ. ಬೆಳಿಗ್ಗೆ ರಿಪೇರಿ ಅಂತ ಎದ್ದವರು ಸಂಜೆ ಬದಲಿ ಅಂತ ಬರುತ್ತಿದ್ದರು.

ಇದನ್ನು ನೋಡಲಾರದೆ ಮುಳಗುಂದದಲ್ಲಿರುವ ಅವರ ಅಕ್ಕ ಒಂದು ಉಪಾಯ ತೆಗೆದರು. "ದೇವ್ರಿಗೆ ಹೂವಿನ ಪ್ರಸಾದ ಕೇಳೂಣು. ಬಲಕ್ಕ ಬಿದ್ರ ರಿಪೇರಿ, ಎಡಕ್ಕ ಬಿದ್ರ ಬದಲಿ." ಮೂವರೂ ಗುಡಿಗೆ ಹೋಗಿ ಕೂತೆವು. ಪೂಜಾರಿ ಸಂಕಲ್ಪ ಹೇಳುವಾಗ 'ಟರ್ಬೋ' ಅನ್ನುವ ಶಬ್ದ ಬಾಯಲ್ಲಿ ಹೊರಳದೆ, 'ತುರುಬು' ಅಂದುಬಿಟ್ಟ. ದೇವರು ಏನು ತಿಳಿದುಕೊಂಡನೋ, ಬಹಳ ಹೊತ್ತು ಹೂವೇ ಬೀಳಲಿಲ್ಲ. ಆಮೇಲೆ ಬಿತ್ತು. ಬಲಕ್ಕೊಂದು, ಎಡಕ್ಕೊಂದು, ಕೂಡಿಯೇ.

ಅಕ್ಕ ಕಂಗಾಲಾದರು. ಪೂಜಾರಿ ಮಾತ್ರ ಶಾಂತನಾಗಿ, "ಅರ್ಧ ಹಳೇದು, ಅರ್ಧ ಹೊಸಾದು ಅಂತಾನ್ರಿ ದೇವ್ರು" ಅಂದ.

ನಾನು ನಗು ತಡೆದುಕೊಂಡು ಹೊರಗೆ ಬಂದೆ. ನಮ್ಮವರು ನಗಲಿಲ್ಲ, ನೇರ ಮೇಸ್ತ್ರಿಗೆ ಫೋನ್ ಮಾಡಿದರು. ಅವನು ಆ ಕಡೆಯಿಂದ ಬಹಳ ಗೌರವದಿಂದ ಹೇಳಿದ: "ಖರೆ ಐತ್ರಿ ಸಾಹೇಬ್ರ. ಎಂಜಿನ್ನಿನ ಕೆಳಗಿನ ಅರ್ಧಾ ಅಷ್ಟ ಬದಲಿ ಸಿಗತೈತಿ. ನಂಗ ನೆನಪ ಇರಲಿಲ್ಲ ನೋಡ್ರಿ."

ಎರಡು ದಾರಿ ಇದ್ದಲ್ಲಿ ದೇವರ ದಯೆಯಿಂದ ಮೂರಾದವು.

ಬಾಣಂತನ

ಹೀಗೇ ಮಳೆಗಾಲ ಕಳೆಯಿತು. ಆ ವರ್ಷ ಚಳಿ ಬೀಳುತ್ತಿದ್ದಂತೆ ಗೋಕರ್ಣಕ್ಕೆ ಹೋಗುವುದು ಅಂತ ಮೊದಲೇ ಮಾತಾಗಿತ್ತು. ಮದುವೆಯಾದಂದಿನಿಂದ ಇಬ್ಬರೂ ಕೂಡಿ ಸಮುದ್ರ ನೋಡಿದವರಲ್ಲ. ಬಸ್ಸಿನಲ್ಲಿ ಹೋಗೋಣ ಅಂದರೆ, "ನಮ್ಮ ಗಾಡಿ ಇಟ್ಕೊಂಡು ಬಸ್ಸಿನ್ಯಾಗ ಯಾಕ? ಇನ್ನೇನು ಆಗೇ ಬಿಡತೈತಿ" ಅನ್ನುವರು. ನಾನೂ ಆತು ಅಂದೆ. ಗೋಕರ್ಣ ಅಲ್ಲೇ ಉಳಿಯಿತು, ನಾನು ಹಟ ಹಿಡಿಯಬೇಕಿತ್ತು ಅಂತ ಈಗ ಅನಿಸುತ್ತದೆ.

ಅಂತೂ ಒಂದು ದಿನ ಧೈರ್ಯ ಮಾಡಿ, "ಬಿಚ್ಚು, ಬಿಚ್ಚಿದ ಮ್ಯಾಲೆ ನೋಡೂಣು" ಅಂದರು. ಮೇಸ್ತ್ರಿ ಎಂಜಿನ್ ಇಳಿಸಿ ಪಕ್ಕಕ್ಕಿಟ್ಟ. ಗಾಡಿ ಗ್ಯಾರೇಜಿನ ಬೇವಿನ ಗಿಡದ ಕೆಳಗೆ ಖಾಲಿ ಹೊಟ್ಟೆಯಲ್ಲಿ ನಿಂತಿತು. ಇವರು ಎಂಜಿನ್ ನೋಡಿ ಬಂದು ಮತ್ತೆ ಯೋಚನೆಗೆ ಕೂತರು. ಕೆಲವು ದಿನಗಳ ಮೇಲೆ ಮೇಸ್ತ್ರಿಯ ಫೋನು ಬಂತು.

"ಸಾಹೇಬ್ರ, ಎಂಜಿನ್ ಜಾಗಾದಾಗ ಬೆಕ್ಕು ಮರಿ ಹಾಕೇತ್ರಿ. ತಗದು ಬ್ಯಾರೆ ಕಡೆ ಇಡ್ಲ್ಯಾ?"

ಆಗ ನೋಡಿ, ನಮ್ಮವರ ದನಿಯೇ ಬದಲಾಯಿತು. ತಿಂಗಳುಗಟ್ಟಲೆ ಒಂದು ಹೂಂ ಅನ್ನಲಾರದ ಮನುಷ್ಯ ಅರೆಗಳಿಗೆ ತಡ ಮಾಡದೆ, "ಮುಟ್ಟಬ್ಯಾಡ! ಮರಿ ಕಣ್ಣು ಬಿಟ್ಟು ಅಡ್ಡಾಡೂತನಕ ಗಾಡಿಗೆ ಕೈ ಹಚ್ಚಬ್ಯಾಡ. ತಾಯಿಗೆ ಹಾಲು ಇಡು" ಅಂದರು.

ಮರುದಿನವೇ ಬಸ್ಸು ಹತ್ತಿ ಬೆಟಗೇರಿಗೆ ಹೋದರು, ಬಾಣಂತಿಯನ್ನು ನೋಡಲು. ನಾನೂ ಜೊತೆಗೆ ಹೋದೆ. ಬಾನೆಟ್ಟಿನೊಳಗೆ ಹಳೆಯ ಗೋಣಿಚೀಲ ಹಾಸಿ, ಬಿಸಿಲು ಬೀಳದಂತೆ ಮೇಲೆ ಲುಂಗಿ ಕಟ್ಟಿದ್ದ ಮೇಸ್ತ್ರಿ. ನಮ್ಮವರು ಒಂದೊಂದೇ ಮರಿಯನ್ನು ಎತ್ತಿ ನೋಡಿ, ತೃಪ್ತಿಯಿಂದ ಇಟ್ಟರು. ಎಂಜಿನ್ ಅಲ್ಲೇ ಮೂಲೆಯಲ್ಲಿ ಕೂತಿತ್ತು, ಅದನ್ನು ಯಾರೂ ಮಾತಾಡಿಸಲಿಲ್ಲ.

ಹೊರಡುವಾಗ ನಾನು, "ನಮ್ಮ ಗಾಡಿ ಯಾವಾಗ ಆಗತೈತ್ರಿ?" ಅಂತ ಕೇಳಿದೆ.

ಮೇಸ್ತ್ರಿ ತಲೆ ಕೆರೆದುಕೊಂಡ. "ಅಕ್ಕಾರ, ಸದ್ಯಕ್ಕ ಗಾಡಿ ನಿಮ್ದಲ್ರಿ. ಬಾಡಿಗಿ ಇದ್ದವ್ರು ಖಾಲಿ ಮಾಡ್ಲಿ."

ಇನ್ನೊಂದು ರಿಪೇರಿ

ಗಾಡಿಯಿಲ್ಲದ್ದಕ್ಕೆ ನಮ್ಮವರು ಕರೆಯಲು ಬಂದವರ ಬೈಕಿನ ಹಿಂದೆ ಕೂತು ಹಳ್ಳಿಗೆ ಹೋಗುತ್ತಿದ್ದರು. ಬಾಳೆಹೊಸೂರಿನಲ್ಲಿ ಒಂದು ಎಮ್ಮೆ ಹೆರಿಗೆಗೆ ತೊಳಲಾಡುತ್ತಿತ್ತು. ಕರುವೇನೋ ಸುಖವಾಗಿ ಹೊರಬಂತು. ಎಮ್ಮೆ ಮಾತ್ರ ಉಪಕಾರ ಸ್ಮರಣೆಗೆಂದು ಹಿಂಗಾಲು ಬೀಸಿ ಇವರ ಎಡಮೊಣಕಾಲಿಗೆ ಕೊಟ್ಟಿತು. ಗಾಡಿ ಇದ್ದರೆ ಸಾಮಾನು ಪೆಟ್ಟಿಗೆಯಲ್ಲಿ ಕಾಲು ಕಟ್ಟುವ ಹಗ್ಗ ಇರುತ್ತಿತ್ತು. ಬೈಕಿನಲ್ಲಿ ಅಷ್ಟೆಲ್ಲ ಹೊರಲಾಗದೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು.

ಗದಗಿನ ಆಸ್ಪತ್ರೆಗೆ ಸೇರಿಸಿದೆವು. ದೊಡ್ಡ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಮೊಣಕಾಲು ಮೊದಲೇ ಸವೆದಿತ್ತು, ಈಗ ಪೂರಾ ಹೋಗಿದೆ. ಎರಡು ದಾರಿ ಇವೆ. ಇದ್ದದ್ದನ್ನೇ ರಿಪೇರಿ ಮಾಡಬಹುದು, ಇಲ್ಲಾ ಬದಲಿ ಹಾಕಬಹುದು."

ನಾನು ನಗಬಾರದಿತ್ತು. ಆದರೆ ಏನು ಮಾಡಲಿ, ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ. ನಾನು ಅಳುತ್ತಿದ್ದೇನೆ ಅಂತ ತಿಳಿದು ನರ್ಸು ನನ್ನ ಬೆನ್ನು ಸವರಿದಳು. ಆಮೇಲೆ ಖರೆಯೇ ಅತ್ತೆ.

ಮೇಸ್ತ್ರಿ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದ. ಬ್ಯಾಂಡೇಜಿನ ಕಾಲನ್ನು ಸುತ್ತೆಲ್ಲ ಬಗ್ಗಿ ಬಗ್ಗಿ ನೋಡಿದ. ನಮ್ಮವರು, "ಏನಂತೀ? ರಿಪೇರಿನೋ, ಬದಲಿನೋ?" ಅಂತ ಅವನನ್ನೇ ಕೇಳಿದರು.

"ಸಾಹೇಬ್ರ, ಗಾಡೀನರ ನಿಲ್ಲಿಸಿಟ್ಟು ವಿಚಾರ ಮಾಡಿದ್ರಿ. ಇದನ್ನ ಎಲ್ಲಿ ನಿಲ್ಲಸ್ತೀರಿ?"

ಅವತ್ತೇ ಗಾಡಿ, ಕಾಲು ಎರಡಕ್ಕೂ ತೀರ್ಮಾನವಾಯಿತು. ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು, ಡಾಕ್ಟರಿಗೂ ಮೇಸ್ತ್ರಿಗೂ ಕೇಳುವಂತೆ, "ಎರಡಕ್ಕೂ ಬದಲಿ ಹಾಕ್ರಿ" ಅಂದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಗಾಬರಿಯಾಗಿ, "ಪಾಪ, ಎರಡೂ ಕಾಲು ಹೋದವೇನವ್ವಾ?" ಅಂದಳು.

ಟವೆಲ್

ಬೆಕ್ಕಿನ ಮರಿಗಳು ಖಾಲಿ ಮಾಡಿದ ಜಾಗದಲ್ಲಿ ಬದಲಿ ಎಂಜಿನ್ ಚೊಲೋ ಕೂತಿತು. ಕಾಲು ಮಾತ್ರ ಕೂರಲಿಲ್ಲ. ನಡೆಯುತ್ತಿದ್ದರು, ಮೆಟ್ಟಿಲು ಏರುತ್ತಿದ್ದರು, ಆದರೆ ಎಷ್ಟು ಕಸರತ್ತು ಮಾಡಿದರೂ ಕ್ಲಚ್ ತುಳಿಯುವಷ್ಟು ಮೊಣಕಾಲು ಮಡಚಲಿಲ್ಲ. ಗಾಡಿ ಅಂಗಳಕ್ಕೆ ಬಂದಾಗ ಕೋಲು ಊರುತ್ತ ಹೋಗಿ ಸ್ಟೇರಿಂಗ್ ಮುಂದೆ ಕೂತರು. ಎಂಜಿನ್ ಚಾಲೂ ಮಾಡಿ ಕಣ್ಣು ಮುಚ್ಚಿ ಕೇಳಿದರು. "ಮಸ್ತ್ ಐತಿ" ಅಂದರು. ಬಂದ್ ಮಾಡಿದರು. ಈ ಸಲ ಕೀಲಿ ತಿರುಗಿಸಿದ ಕೂಡಲೇ ಅದು ಮಾತು ಕೇಳಿತು. ಮೊದಲ ವಾರವೇ ರಿಪೇರಿ ಅಂದಿದ್ದರೂ ನಡೆಯುತ್ತಿತ್ತು, ಬದಲಿ ಅಂದಿದ್ದರೂ ನಡೆಯುತ್ತಿತ್ತು. ಯಾವುದೋ ಒಂದು ಅಂದಿದ್ದರೆ ಬಾಳೆಹೊಸೂರಿಗೆ ಗಾಡಿಯಲ್ಲೇ ಹೋಗಿರುತ್ತಿದ್ದರು.

ನಾನು ಕಲಿಯುತ್ತೇನೆ ಅಂದೆ. ಇವರು ಪಕ್ಕದಲ್ಲಿ ಕೂತು ಕೋಲು ಆಡಿಸುತ್ತ, ದನ ಹೊಡೆಯುವವರ ಹಾಗೆ, "ಹೋ... ಹೋ... ಹಾಂ, ಬಾ ಬಾ" ಅಂತ ಕಲಿಸಿದರು. ಹೇಳಿದ್ದು ನನಗೋ ಗಾಡಿಗೋ ತಿಳಿಯಲಿಲ್ಲ. ಮೊದಲ ದಿನವೇ ನಮ್ಮದೇ ಗೇಟು ಕೆಡವಿದ ಮೇಲೆ ನಾನೇ ಕೈ ಬಿಟ್ಟೆ. ಗಾಡಿ ಅಂಗಳದಲ್ಲಿ ಸುಮ್ಮನೆ ನಿಲ್ಲುವುದನ್ನು ನೋಡಲಾರದೆ ಕೊನೆಗೆ ಮಾರುವುದು ಅಂತಾಯಿತು.

ಕೊಳ್ಳಲು ಮುಂಡರಗಿಯಿಂದ ಒಬ್ಬ ದನದ ದಲಾಲಿ ಬಂದ, ಸಂತೆಯಲ್ಲಿ ಇವರಿಗೆ ಪರಿಚಯದವನೇ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂಬದಿಗೆ ಅಭ್ಯಾಸಬಲದಿಂದ ಒಂದು ಚಪ್ಪರಿಸಿ, ಮಾತುಕತೆಗೆ ಕೂತ. ಬಾಯಿಬಿಟ್ಟು ರೇಟು ಹೇಳುವುದು ಅವನಿಗೆ ರೂಢಿಯೇ ಇಲ್ಲ. ದನದ ಸಂತೆಯ ರೀತಿಯಲ್ಲೇ ಹೆಗಲ ಟವೆಲ್ ತೆಗೆದು ಇವರ ಕೈಮೇಲೆ ಹೊದೆಸಿ, ಕೆಳಗಿನಿಂದ ಬೆರಳು ಹಿಡಿದು ಒತ್ತಿ ರೇಟು ತಿಳಿಸಿದ. ಇಬ್ಬರೂ ಮುಖ ಗಂಟಿಕ್ಕಿದರು, ತಲೆ ಅಲ್ಲಾಡಿಸಿದರು, ಕೊನೆಗೆ ನಕ್ಕರು. ಗಾಡಿ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಅವತ್ತು ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಕೀಲಿ ಕೊಟ್ಟಾಗ ದಲಾಲಿ ಅದರ ಗೊಂಚಲಿಗೆ ನಮ್ಮವರು ಕಟ್ಟಿದ್ದ ಹಿತ್ತಾಳೆಯ ಗೆಜ್ಜೆ ಬಿಚ್ಚಿ ತಿರುಗಿ ಕೊಟ್ಟ. "ಇದ ನಿಮ್ಮ ಕಡೆನ ಇರಲಿ ಡಾಕ್ಟ್ರ. ದನಾ ಕೊಟ್ರೂ ಹಗ್ಗ ಕೊಡಬಾರದು. ಮನಿ ಬರಿದಾಗಬಾರದಲ್ಲ."

ಗಾಡಿ ಹೊರಟಿತು. ಸೀಟಿಯಿಲ್ಲ, ಹೊಗೆಯಿಲ್ಲ, ಓಣಿಯ ತಿರುವಿನಲ್ಲಿ ಮರೆಯಾಯಿತು. ನಮ್ಮವರು ಕಟ್ಟೆಯ ಮೇಲೆ ಗೆಜ್ಜೆ ಹಿಡಿದುಕೊಂಡು ಕೂತಿದ್ದರು.

"ಹೊಳ್ಳಿ ನೋಡಲಿಲ್ಲ ನೋಡು" ಅಂದರು. "ಯಾವ ದನಾ ಮಾರಿದ್ರೂ ಓಣಿ ಮೂಲ್ಯಾಗ ಒಮ್ಮೆರ ಹೊಳ್ಳಿ ನೋಡತೈತಿ."

"ಗಾಡಿಗೆ ಕುತ್ತಿಗಿ ಎಲ್ಲೈತ್ರಿ?" ಅಂದೆ, ನಗಿಸಲೆಂದು. ನಗಲಿಲ್ಲ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಸದ್ದಾಯಿತು. ನೋಡಿದರೆ ನಮ್ಮ ಗಾಡಿ! ಹಿಂದೆ ಹಿಂದೆ ಸರಿಯುತ್ತ, ರಿವರ್ಸಿನಲ್ಲಿ ನಮ್ಮ ಮನೆಯ ಕಡೆಗೇ ಬರುತ್ತಿತ್ತು. ನಮ್ಮವರ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಕೋಲು ಮರೆತು ಎದ್ದು ನಿಂತರು. ಮೊಣಕಾಲು ಆ ಗಳಿಗೆಯಲ್ಲಿ ಮಡಚಿತೋ ಏನೋ, ನಾನು ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ.

ಗಾಡಿ ಗೇಟಿನ ಮುಂದೆ ನಿಂತಿತು. ದಲಾಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಟವೆಲ್ ಮರತಿದ್ದೆ ನೋಡ್ರಿ" ಅಂದ. ಇಳಿದು ಬಂದು ಕಟ್ಟೆಯ ಮೇಲಿದ್ದ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಮತ್ತೆ ಹೊರಟ.

ನಮ್ಮವರು ಗೇಟಿನವರೆಗೆ ನಡೆದು ಹೋಗಿ ಓಣಿಯ ತಿರುವಿನ ಕಡೆ ನೋಡಿದರು. ಆಮೇಲೆ ಹೇಳಿದರು:

"ಅಂವಾ ಇನ್ನೊಂದು ಏನರ ಮರತಿದ್ರ ಚೊಲೋ ಇತ್ತು."