ಬಾಯಿ ಕಟ್ಟಿಕೊಂಡ ವಕೀಲರು

ಕುಷ್ಟಗಿಯ ಸಿದ್ದೇಶ ವಕೀಲರ ಬಾಯಿಗೆ ಬಾಗಿಲಿದ್ದರೂ ಚಿಲಕವಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಹೋದ ವಾರ ಕಕ್ಷಿದಾರನೊಬ್ಬನ ಮನೆಯ ಸಂಗತಿಯನ್ನು ಮದಾರಸಾಬನ ಚಹಾದಂಗಡಿಯಲ್ಲಿ ಬಿಚ್ಚಿಟ್ಟದ್ದು ದೂರಿನವರೆಗೆ ಹೋಗಿತ್ತು. ಇನ್ನೊಮ್ಮೆ ಹೀಗಾದರೆ ವಕೀಲಿಕೆಯ ಸನದು ಹೋಗುತ್ತದೆ, ಕರಿ ಕೋಟು ಮಾರಿ ಹೊಟ್ಟೆ ಹೊರೆಯಬೇಕಾಗುತ್ತದೆ ಎಂದು ಕೊಪ್ಪಳದ ಹಿರಿಯ ವಕೀಲರು ಗದರಿಸಿ ಕಳಿಸಿದ್ದರು. ಸಿದ್ದೇಶರು ನಿಜಕ್ಕೂ ಹೆದರಿದ್ದರು.

ಇವತ್ತು ಬೆಳಗಾಗುತ್ತಲೇ ಕಾಳಿನ ವ್ಯಾಪಾರಿ ಕೊಟ್ರಬಸಪ್ಪ ಬಂದ. ಪಕ್ಕದ ಹುಸೇನಪ್ಪ ಕಟ್ಟಿಸತೊಡಗಿದ ಗೋಡೆಯಿಂದ ತನ್ನ ಗೋದಾಮಿನ ದಾರಿಯೇ ಮುಚ್ಚುತ್ತದೆ, ಅವನ ಮೇಲೆ ದಾವೆ ಹೂಡಬೇಕು ಎಂದ. ಏಳುವಾಗ ಕಿವಿಯ ಹತ್ತಿರ ಬಗ್ಗಿ, “ಇದು ನಮ್ಮಿಬ್ಬರಾಗ ಇರ್ಲಿರಿ. ಯಾರಿಗೂ ಹೇಳಬ್ಯಾಡ್ರಿ,” ಎಂದು ಎರಡೆರಡು ಸಲ ಹೇಳಿ ಹೋದ.

ಮನೆಯಲ್ಲಿದ್ದರೆ ಹೆಂಡತಿಗೆ ಹೇಳಿಬಿಡುತ್ತೇನೆಂದು ವಕೀಲರು ಚಪ್ಪಲಿ ಮೆಟ್ಟಿದರು. ಕೊಟ್ರಬಸಪ್ಪ ಯಾಕೆ ಬಂದಿದ್ದ ಎಂದು ಹೆಂಡತಿ ಸುರೇಖಾ ಕೇಳುವಷ್ಟರಲ್ಲಿ ಅಂಗಳ ದಾಟಿದ್ದರು. ರೂಢಿಯಂತೆ ಚಹಾದಂಗಡಿಗೇ ಬಂದು, ಗಲ್ಲಕ್ಕೆ ಕೈ ಒತ್ತಿ, ತುಟಿ ಬಿಗಿದು ಕೂತರು. ಅವರು ಸುಮ್ಮನೆ ಕೂತದ್ದನ್ನು ಮದಾರಸಾಬ ಯಾವತ್ತೂ ಕಂಡಿರಲಿಲ್ಲ. ಹಲ್ಲುನೋವೇ ಇರಬೇಕೆಂದು ಲವಂಗ ತಂದುಕೊಟ್ಟ. ಅಲ್ಲವೆಂದರೆ ಮಾತು ಶುರುವಾಗುತ್ತದೆ, ಶುರುವಾದ ಮಾತು ಎಲ್ಲಿ ನಿಲ್ಲುತ್ತದೆಂಬ ಭರವಸೆ ವಕೀಲರಿಗೇ ಇರಲಿಲ್ಲ. ಹೌದೆಂದು ತಲೆಯಾಡಿಸಿಬಿಟ್ಟರು.

ಗೋಡೆ ಕಟ್ಟುವ ಗೌಂಡಿಗಳಿಗೆ ಚಹಾ ಹೇಳಲು ಅದೇ ಹೊತ್ತಿಗೆ ಹುಸೇನಪ್ಪ ಬರಬೇಕೆ? ಪಾಪ, ಪರೋಪಕಾರಿ ಮನುಷ್ಯ. ಬೇಡವೆಂದು ಕೈ ಆಡಿಸಿದರೂ ಬಿಡದೆ ಬೈಕಿನ ಹಿಂದೆ ಕೂರಿಸಿಕೊಂಡು ಹಲ್ಲಿನ ಡಾಕ್ಟರಲ್ಲಿಗೆ ಹೊರಟ. ದಾರಿಯುದ್ದಕ್ಕೂ ಗೋಡೆಯದೇ ವರ್ಣನೆ. ವಕೀಲರು ಅವನ ಬೆನ್ನಿಗೆ ಆನಿಕೊಂಡು ಕರವಸ್ತ್ರ ಕಚ್ಚಿ ಹಿಡಿದರು. ಯಾವ ಹಲ್ಲು ಎಂದು ಡಾಕ್ಟರು ಕೇಳಿದಾಗಲೂ ಹುಸೇನಪ್ಪ ಮಗ್ಗುಲಲ್ಲೇ ನಿಂತಿದ್ದ. ವಕೀಲರು ಕಣ್ಣು ಮುಚ್ಚಿ, ಬೆರಳಿಗೆ ಸಿಕ್ಕ ದವಡೆಹಲ್ಲನ್ನು ತೋರಿಸಿದರು. ಹಲ್ಲು ಹೋಯಿತು, ಗುಟ್ಟು ಉಳಿಯಿತು.

ತಿರುಗಿ ಬರುವಷ್ಟರಲ್ಲಿ ಗೋಡೆ ಎದೆಮಟ್ಟ ಎದ್ದಿತ್ತು. ಅದರ ಮುಂದೆ ಕೊಟ್ರಬಸಪ್ಪ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ವಕೀಲರು ಅವನನ್ನು ಬದಿಗೆ ಕರೆದು, ಹತ್ತಿ ತುಂಬಿದ ಬಾಯಲ್ಲೇ ಹೆಮ್ಮೆಯಿಂದ, ನರಪಿಳ್ಳೆಗೂ ಹೇಳಿಲ್ಲ ಎಂದು ಪಿಸುಗುಟ್ಟಿದರು.

ಕೊಟ್ರಬಸಪ್ಪನ ಮುಖ ಕಪ್ಪಿಟ್ಟಿತು. “ಅಲ್ರೀ ವಕೀಲ್ರ, ನಿಮಗ ಹೇಳಿದ್ರ ಮಧ್ಯಾಹ್ನದೊಳಗ ಹುಸೇನಪ್ಪನ ಕಿವಿಗಿ ಬೀಳತೈತಿ, ಅಂವ ಹೆದರಿ ಗೋಡಿ ನಿಲ್ಲಸ್ತಾನ ಅಂತ ಬಂದಿದ್ದೆ. ಗುಟ್ಟು ಇಡೋ ವಕೀಲ ಬೇಕಾಗಿದ್ರ ಕೊಪ್ಪಳಕ್ಕ ಹೋಗ್ತಿದ್ದೆ.”

ಈ ಮಾತು ಹುಸೇನಪ್ಪನಿಗೂ ಕೇಳಿಸಿತು. ಅವನಿಗೆ ಇನ್ನೂ ಬೇಸರವಾಯಿತು. “ನನ್ನ ಬೈಕಿನಾಗ ಹೋಗಿ ಬಂದ್ರಿ. ಒಂದ್ ಮಾತು ಬಾಯಿ ಬಿಟ್ಟಿದ್ರ ನಾನ ದಾರಿ ಬಿಟ್ಟು ಕಟ್ಟಸ್ತಿದ್ನಲ್ರಿ.”

ಹಸಿ ಗೋಡೆ ಒಡೆದು ಗೇಟು ಎಲ್ಲಿಡಬೇಕೆಂದು ಇಬ್ಬರೂ ಅಲ್ಲೇ ನಿಂತು ತೀರ್ಮಾನಿಸಿದರು. ದಾವೆಯೂ ಇಲ್ಲ, ಫೀಸೂ ಇಲ್ಲ. ಆಮೇಲೆ ಜೋಡಿಯಾಗಿ ಚಹಾ ಕುಡಿಯಲು ಹೋಗಿ, ಅಂಗಡಿಯಲ್ಲಿದ್ದವರಿಗೆಲ್ಲ ಒಂದೇ ಬುದ್ಧಿ ಹೇಳಿದರು. “ಸಿದ್ದೇಶ ವಕೀಲರನ್ನ ನಂಬಬ್ಯಾಡ್ರಿ. ಅವರಿಗೆ ಹೇಳಿದ ಮಾತು ಎಲ್ಲಿಗೂ ಮುಟ್ಟೂದಿಲ್ಲ.”