ಪತ್ತೇದಾರನ ಹರೆಯದ ಕತೆ ಓದಿ ನಾನು ವರನ ಮನೆ ವಿಚಾರಿಸಿದ್ದು

ಕಡೂರಿನಲ್ಲಿ ನನ್ನಷ್ಟು ಚೆನ್ನಾಗಿ ಮನುಷ್ಯರನ್ನು ಅಳೆಯುವವರಿಲ್ಲ. ಓದಿದ್ದು ಎರಡನೇ ಕ್ಲಾಸು. ಆದರೂ ಟಿವಿ ಧಾರಾವಾಹಿಯ ಪತ್ತೇದಾರ ನರಹರಿಗಿಂತ ಮೊದಲೇ ಕಳ್ಳ ಯಾರೆಂದು ಹೇಳುತ್ತೇನೆ. ಆ ನರಹರಿ ಪತ್ತೇದಾರನಾಗುವ ಮುಂಚಿನ ಕತೆಯೇ ಈಗ ಕಾದಂಬರಿಯಾಗಿ ಬಂದಿದೆ. ಮೊಮ್ಮಗಳು ಸವಿತಾ ತಂದುಕೊಟ್ಟಳು. ಅಕ್ಷರಕ್ಕೆ ಬೆರಳಿಟ್ಟು ತಿಂಗಳಲ್ಲಿ ನಾಲ್ಕು ಅಧ್ಯಾಯ ಮುಗಿಸಿದೆ. ಹರೆಯದಲ್ಲಿ ಅವನು ಬಳೆ ಮಲಾರ ಹೊತ್ತು ಮನೆಮನೆ ತಿರುಗುತ್ತಿದ್ದ. ಬಳೆಗಾರನ ಮುಂದೆ ಹೆಂಗಸರು ಏನನ್ನೂ ಮುಚ್ಚಿಡುವುದಿಲ್ಲ. ಮನೆಯ ಗುಟ್ಟು ಬಿಡಿಸುವ ವಿದ್ಯೆ ಅವನಿಗೆ ಬಂದದ್ದು ಹಾಗೆ.

ಅದೇ ಹೊತ್ತಿಗೆ ಸವಿತಾಗೆ ಅಜ್ಜಂಪುರದ ಬ್ಯಾಂಕ್ ಹುಡುಗನ ಸಂಬಂಧ ಬಂತು. ಹೆಣ್ಣು ನೋಡಿ ಹೋದರು. ಉತ್ತರ ಬರಬೇಕಿತ್ತು.

"ಮನೆ ಎಂಥದು ಅಂತ ನಾನೇ ತಿಳ್ಕೊಂಡು ಬತ್ತೀನಿ" ಎಂದೆ.

"ಅತ್ತೆ, ನೀವು ಸುಮ್ನೆ ಟಿವಿ ನೋಡ್ಕೊಂಡಿರಿ" ಎಂದಳು ಸೊಸೆ ರತ್ನ.

"ಕೆಡಿಸ್ಬೇಡ ಕಣಜ್ಜಿ, ಹುಡುಗ ನನಗೆ ಹಿಡಿಸಿದಾನೆ" ಎಂದಳು ಸವಿತಾ.

ಶನಿವಾರ ಬೆಳಿಗ್ಗೆ ಮಾರುವವಳ ಹಾಗೆ ಹುಣಸೆಹಣ್ಣಿನ ಬುಟ್ಟಿ ಹಿಡಿದು ಬಸ್ಸು ಹತ್ತಿಯೇಬಿಟ್ಟೆ. ಹಗಲು ಹುಡುಗನೂ ಅವನ ತಾಯಿಯೂ ಕೆಲಸಕ್ಕೆ ಹೋಗಿರುತ್ತಾರೆ. ಮನೆಯಲ್ಲಿರುವುದು ಅವನ ಅಜ್ಜಿ ಒಬ್ಬಳೇ. ಮಂಡಿನೋವೆಂದು ಅವಳು ನಮ್ಮನೆಗೆ ಬಂದಿರಲಿಲ್ಲ, ನನ್ನ ಮುಖ ಕಂಡವಳಲ್ಲ. ಈ ಲೆಕ್ಕದಲ್ಲಿ ನರಹರಿಯೂ ತಪ್ಪು ಹುಡುಕಲಾರ.

ಅಜ್ಜಿ ಜಗಲಿಯ ಮೇಲೆ ಕೂತು ಹಣ್ಣು ಬಿಡಿಸಿ ನೋಡಿದಳು.

"ಬರೀ ಬೀಜ ಕಣಮ್ಮ. ನಾರೂ ತೆಗ್ದಿಲ್ಲ."

ನನ್ನ ಕೈಯಾರೆ ಕುಟ್ಟಿದ ಹಣ್ಣು. ಮೈ ಉರಿಯಿತು. "ಕಣ್ಣು ಬಿಟ್ಟು ನೋಡಮ್ಮ" ಎಂದೆ.

"ಕಣ್ಣು ಸರ್ಯಾಗೇ ಐತೆ. ಹೋದ್ವರ್ಷದ ಹಣ್ಣು ತಂದ್ಬಿಟ್ಟು ಬಾಯಿ ಬೇರೆ."

ಬಂದ ಕೆಲಸ ಮರೆತೇಹೋಯಿತು. "ಹುಣಸೆಹಣ್ಣಲ್ಲೇ ಇಷ್ಟು ಕೊಂಕು ಹುಡುಕ್ತೀಯ. ಈ ಮನೆಗೆ ನಮ್ ಹುಡುಗೀನ ಕೊಟ್ಟಂಗೇ ಆಯ್ತು" ಎಂದುಬಿಟ್ಟೆ.

"ಯಾವ ಹುಡುಗಿ?"

ಅಷ್ಟರಲ್ಲಿ ಬನಿಯನ್ನಿನಲ್ಲಿ ವರ ಹೊರಗೆ ಬಂದ. ಅಂದು ಎರಡನೇ ಶನಿವಾರವಂತೆ. ಬ್ಯಾಂಕಿಗೆ ರಜ.

"ನೀವು ಸವಿತಾ ಅಜ್ಜಿ ಅಲ್ವಾ? ಯಾಕಜ್ಜಿ, ಕಡೂರಲ್ಲಿ ಗಿರಾಕಿ ಸಿಗ್ಲಿಲ್ವಾ?"

ಕೂರಿಸಿ ಕಾಫಿ ಕೊಟ್ಟರು. ಅಂಥ ಕಹಿ ಕಾಫಿ ನಾನು ಕುಡಿದಿಲ್ಲ. ಸಕ್ಕರೆ ಸರಿಯಾಗಿಯೇ ಇತ್ತು.

ವಾಪಸ್ ಬಸ್ಸಿನಲ್ಲಿ ಐದನೇ ಅಧ್ಯಾಯದ ಮೊದಲ ಪುಟ ತೆಗೆದೆ. ಆ ವಿದ್ಯೆಯನ್ನು ಮೊದಲ ಸಲ ಪ್ರಯೋಗಿಸಿದಾಗಲೇ ನರಹರಿ ಸಿಕ್ಕಿಬಿದ್ದು ಒದೆ ತಿನ್ನುತ್ತಾನೆ. ಇದನ್ನು ನಾಲ್ಕನೆಯದರಲ್ಲೇ ಹೇಳಲು ಕಾದಂಬರಿ ಬರೆದ ಪುಣ್ಯಾತ್ಮನಿಗೆ ಏನಾಗಿತ್ತು?

ಸಂಜೆ ಫೋನು ಬಂತು. ರತ್ನ ಸ್ಪೀಕರ್ ಹಾಕಿದಳು. ಸವಿತಾ ಓಡಿಬಂದು ಪಕ್ಕದಲ್ಲಿ ನಿಂತಳು.

"ಹುಡುಗಿ ನಮಗೆ ಒಪ್ಪಿಗೆ ಕಣ್ರೀ" ಎಂದಿತು ಆ ಅಜ್ಜಿಯ ದನಿ. "ಆದ್ರೆ ಅಜ್ಜಿ ಗುಣ ಏನಾರ ಬಂದೈತಾ ಅಂತ ಯಾರನ್ನಾದ್ರೂ ಕಳಿಸಿ ಒಂದ್ಸಲ ವಿಚಾರಿಸ್ತೀವಿ. ಆಮೇಲೇ ಮಾತುಕತೆ."

ಅಂದಿನಿಂದ ಬಾಗಿಲಿಗೆ ಯಾರೇ ಬಂದರೂ ನನ್ನನ್ನು ಹಿತ್ತಿಲಿಗೆ ಕಳಿಸುತ್ತಾರೆ. ನಿನ್ನೆ ಸೊಪ್ಪಿನವಳ ಹತ್ತಿರವೂ ರತ್ನ ಹೇಳುತ್ತಿದ್ದಳು: "ನಮ್ ಸವಿತಾ ಪೂರಾ ನನ್ನ ತವರಿನೋರ ಥರ." ಒಂದು ಮಾತೂ ಆಡದೆ ಹಿತ್ತಿಲಲ್ಲೇ ಕೂತಿದ್ದೆ. ಆ ಮದುವೆಗೆ ನಾನು ಮಾಡಿದ ಉಪಕಾರ ಅದೊಂದೇ.