ಅರ್ಧ ಪದ್ಯಕ್ಕೆ ಪೂರ್ಣ ಅನುಮತಿ

ನಮ್ಮ ಕಾಮಿಸೆ ಪಟ್ಟಣದ ಗ್ರಂಥಾಲಯದಲ್ಲಿ ಯಾವುದೇ ಕೃತಿಯ ಅರ್ಧದಷ್ಟನ್ನು ಮಾತ್ರ ಜೆರಾಕ್ಸ್ ಮಾಡಿಕೊಡಲಾಗುತ್ತದೆ. ಅರ್ಧ ಅಂದರೆ ಅರ್ಧ. ಕೃತಿಸ್ವಾಮ್ಯ ಕಾನೂನು ಗ್ರಂಥಾಲಯಗಳ ಮೇಲೆ ಕರುಣೆಯಿಟ್ಟು ಕೊಟ್ಟ ವಿನಾಯಿತಿ ಇದು. ಇದನ್ನು ದುರುಪಯೋಗ ಮಾಡಿಕೊಳ್ಳಲು ಹೊಂಚು ಹಾಕುವವರು ಬಹುಮಟ್ಟಿಗೆ ಮುದುಕಿಯರೇ ಎಂಬುದು ಜೆರಾಕ್ಸ್ ವಿಭಾಗದಲ್ಲಿ ಕೂತಿರುವ ನನ್ನ ಅನುಭವ.

ಕಳೆದ ಚಳಿಗಾಲದಲ್ಲಿ ಕುರಾಮೊಚಿ ಸದಾಯೆ ಎಂಬ ವೃದ್ಧೆ ಬಂದರು. ಗಂಡ ತೋಕುಜಿ ಆಗಷ್ಟೇ ತೀರಿಕೊಂಡಿದ್ದರು. ಚಮಚ ಕಾರ್ಖಾನೆಯಲ್ಲಿ ಜೀವ ತೇಯ್ದ, ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ. ಅಂಥವರು ಹೆಂಡತಿಯ ಮೇಲೊಂದು ಪದ್ಯ ಬರೆದು ಕಾರ್ಖಾನೆಯ ಪತ್ರಿಕೆಗೆ ಕೊಟ್ಟಿದ್ದರೆಂದು ಹಳೇ ಗೆಳೆಯನೊಬ್ಬ ಸಾವಿನ ಮನೆಯಲ್ಲಿ ಬಾಯಿಬಿಟ್ಟನಂತೆ. ಆ ಸಂಚಿಕೆ ಉಳಿದಿರುವುದು ನಮ್ಮಲ್ಲಿ ಮಾತ್ರ.

"ಅವರು ಹೋದ ನಲವತ್ತೊಂಬತ್ತನೇ ದಿನದ ಪೂಜೇಲಿ ಓದ್ಬೇಕು ಕಣಪ್ಪಾ. ಇಷ್ಟು ವರ್ಷ ಸಂಸಾರ ಮಾಡಿದ್ರೂ 'ಅನ್ನ ಹಾಕು' ಬಿಟ್ರೆ ಇನ್ನೇನೂ ಹೇಳ್ಲಿಲ್ಲ ಆ ಪುಣ್ಯಾತ್ಮ. ಏನು ಬರ್ದಿದ್ದಾರೋ ನೋಡೋಣ."

ಪದ್ಯದಲ್ಲಿ ಮೂವತ್ತೊಂದು ಅಕ್ಷರ. ಅರ್ಧ ಅಂದರೆ ಹದಿನೈದೂವರೆ. ಆ ಅರ್ಧ ಅಕ್ಷರ ಯಾರಿಗೆ ಸೇರಬೇಕೆಂದು ನಮ್ಮ ಮುಖ್ಯಸ್ಥ ನುಕುಯಿ ಸಾಹೇಬರು ತುರ್ತು ಸಭೆ ಕರೆದರು. ಅದು ಹಕ್ಕುದಾರರಿಗೇ ಸೇರತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಹಾಗಾಗಿ ಅಜ್ಜಿಗೆ ಸಿಕ್ಕ ಪ್ರತಿ ಹೀಗಿತ್ತು:

ಹಿಮ ಎತ್ತೆತ್ತಿ
ಬೆನ್ನು ಸೋತಾಗ,
ಸದಾಯೆ, ನಿನ್ನ

"ನನ್ನ? ನನ್ನ ಏನು?" ಅಜ್ಜಿ ಕೌಂಟರಿನ ಮೇಲೆ ಬಗ್ಗಿದರು.

"ಮಿಕ್ಕಿದ್ದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು ಅಜ್ಜಿ."

"ಯಾರಪ್ಪ ಅವರು?"

"ಬರೆದವರ ವಾರಸುದಾರರು. ಅಂದ್ರೆ ನೀವೇ."

"ಹಾಗಾದ್ರೆ ಒಪ್ಪಿದೀನಿ, ತೆಗಿ!"

ಎಂಥ ಅವಸರ ನೋಡಿ! ಒಪ್ಪಿಗೆಯನ್ನು ಕೌಂಟರಿನ ಆಚೆ ನಿಂತವರು ಕೇಳಬೇಕು, ಈಚೆ ಕೂತವರು ಕೊಡಬೇಕು. ಅಜ್ಜಿಯ ಕಷ್ಟ ನೋಡಲಾರದೆ ಸಾಹೇಬರೇ ಕುರ್ಚಿ ಹಾಕಿಸಿ ಅವರನ್ನು ಈಚೆ ಕೂರಿಸಿದರು. ಅಜ್ಜಿ ಒಪ್ಪಿಗೆ ಕೊಟ್ಟರು. ಆದರೆ ಆಚೆ ನೋಡಿದರೆ ಅರ್ಜಿದಾರರೇ ನಾಪತ್ತೆ! ಮೂರು ಸಲ ಹೆಸರು ಕೂಗಿದೆವು.

"ಇಲ್ಲೇ ಇದೀನಲ್ರೋ!" ಎಂದು ಪಕ್ಕದ ಕುರ್ಚಿಯಿಂದ ಹಕ್ಕುದಾರರು ಕೂಗಿದರು. ಅದು ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ವಜಾ ಆಯಿತು.

"ಹೋಗ್ಲಿ, ಪುಸ್ತಕನಾದ್ರೂ ಕೊಡು. ಇಲ್ಲೇ ಓದ್ಕೋತೀನಿ."

ಸಂಚಿಕೆ ತಂದು, ಪದ್ಯದ ಉಳಿದರ್ಧಕ್ಕೆ ರಟ್ಟು ಮುಚ್ಚಿ ಕೊಟ್ಟೆ. ಅರ್ಧದ ಪ್ರತಿ ಪಡೆದವರು ಮಿಕ್ಕರ್ಧವನ್ನು ಓದಿ ನೆನಪಿಟ್ಟುಕೊಂಡರೆ ಪೂರ್ತಿ ಪ್ರತಿ ಮಾಡಿದಂತೆಯೇ ಅಲ್ಲವೇ? ಸಾಹೇಬರು ನನ್ನ ಬೆನ್ನು ತಟ್ಟಿ, ಅಂದೇ ಗೋಡೆಗೆ ಪ್ರಕಟಣೆ ಅಂಟಿಸಿದರು: "ಓದುಗರು ಅರ್ಧಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳಬಾರದಾಗಿ ವಿನಂತಿ."

ಅಜ್ಜಿ ರಟ್ಟನ್ನು ಬೆರಳಿನಿಂದ ಸವರಿದರು. "ಇದರ ಕೆಳಗೇ ಇದ್ಯಾ?"

"ಇಲ್ಲೇ ಇದೆ ಅಜ್ಜಿ. ಭದ್ರವಾಗಿದೆ."

ಪೂಜೆಗೆ ಗ್ರಂಥಾಲಯದ ಪರವಾಗಿ ನಾನೂ ಹೋಗಿದ್ದೆ. ಅರ್ಧ ಮೀರದಂತೆ ನೋಡಿಕೊಳ್ಳಬೇಕಲ್ಲ! ಅಜ್ಜಿ ಅಸ್ಥಿಯ ಕರಡಿಗೆಯ ಮುಂದೆ ಮಂಡಿಯೂರಿ ಓದಿದರು. "ಸದಾಯೆ, ನಿನ್ನ" ಎಂದು ನಿಲ್ಲಿಸಿ ನನ್ನ ಮುಖ ನೋಡಿದರು. ಸಾಕು ಎಂದು ಕೈ ತೋರಿಸಿದೆ. ನೆಂಟರೆಲ್ಲ ತಲೆ ಬಾಗಿಸಿದರು. ಭಿಕ್ಷುಗಳು ತಾವೂ ಸೂತ್ರವನ್ನು ಅರ್ಧಕ್ಕೇ ನಿಲ್ಲಿಸಿ ಸಹಕರಿಸಿದರು. ಊಟ ಬೇಗ ಬಂತೆಂದು ಎಲ್ಲರಿಗೂ ಖುಷಿ.

ಹೊರಡುವಾಗ ಅಜ್ಜಿ ಬಾಗಿಲವರೆಗೂ ಬಂದರು.

"ನೀನು ಪೂರ್ತಿ ಓದಿದೀಯಲ್ವಾ ತಮ್ಮಾ?"

"ಓದಿದೀನಿ. ಸಿಬ್ಬಂದಿಗೆ ವಿನಾಯಿತಿ ಇದೆ."

"ಒಳ್ಳೇದೇ ಬರ್ದಿದ್ದಾರಾ? ಅಷ್ಟು ಹೇಳು, ಸಾಕು."

"ಹೇಳಿದ್ರೆ ಸಾರಾಂಶ ಆಗುತ್ತೆ ಅಜ್ಜಿ. ಅದಕ್ಕೂ ಒಪ್ಪಿಗೆ ಬೇಕು."

"ಹೌದಲ್ವಾ, ನಿನಗ್ಯಾಕೆ ತೊಂದರೆ" ಎಂದು ಅಜ್ಜಿ ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಆಮೇಲೆ ನನ್ನ ಬೂಟುಗಳನ್ನು, ಹಾಕಿಕೊಳ್ಳಲು ಅನುಕೂಲವಾಗುವಂತೆ, ಬಾಗಿಲ ಕಡೆಗೆ ತಿರುಗಿಸಿಟ್ಟರು.